ಸೋನಾರ್ ಕೆಲ್ಲಾ: ಕಳ್ಳರು ಯಾರು ಅಂತ ಮೊದಲೇ ತೋರಿಸಿದ್ದು ಸರಿನಾ?

ಹಳೇರೀಲು
ಸತ್ಯಜಿತ್ ರೇ ಅವರ ಬಂಗಾಳಿ ಸಿನಿಮಾ ‘ಸೋನಾರ್ ಕೆಲ್ಲಾ’ (ಬಂಗಾರದ ಕೋಟೆ) ಕೊನೆಗೂ ಪೂರ್ತಿ ನೋಡಿದೆ. 1974ರ ಸಿನಿಮಾ. ಕಾದಂಬರಿಯೂ ಅವರದ್ದೇ, 1971ರದ್ದು. ಪುಸ್ತಕವನ್ನು ಇಂಗ್ಲಿಷಿನಲ್ಲಿ ಮೊದಲೇ ಓದಿದ್ದೆ, ತಕರಾರು ಹುಟ್ಟಿದ್ದು ಅಲ್ಲಿಂದಲೇ. ಕಥೆ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಕೋಲ್ಕತಾದ ಕಾಲೇಜ್ ಸ್ಟ್ರೀಟಿನಲ್ಲಿ ಪುಸ್ತಕದ ಅಂಗಡಿ ಇಟ್ಟುಕೊಂಡವರ ಮಗ ಮುಕುಲ್. ಪುಟ್ಟ ಹುಡುಗ. ರಾತ್ರಿ ಎದ್ದು ಕೂತು ಕೋಟೆ, ನವಿಲು, ಒಂಟೆ ಚಿತ್ರ ಬರೆಯುತ್ತಾನೆ. ಹಿಂದಿನ ಜನ್ಮದಲ್ಲಿ ಬಂಗಾರದ ಕೋಟೆಯಲ್ಲಿದ್ದೆ, ಅಲ್ಲಿ ರತ್ನಗಳಿದ್ದವು ಅನ್ನುತ್ತಾನೆ. ಸುದ್ದಿ ಪೇಪರಿನಲ್ಲಿ ಬರುತ್ತದೆ. ಡಾಕ್ಟರ್ ಹಾಜ್ರಾ ಅನ್ನುವ ಮನಶ್ಶಾಸ್ತ್ರದ ಪಂಡಿತರು ಅವನನ್ನು ರಾಜಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರೆ. ನಿಧಿಯ ಆಸೆಗೆ ಬರ್ಮನ್, ಮಂದಾರ್ ಬೋಸ್ ಅನ್ನುವ ಇಬ್ಬರು ಖದೀಮರು ಬೆನ್ನು ಹತ್ತುತ್ತಾರೆ. ಹುಡುಗನನ್ನು ಕಾಪಾಡಲು ಅಪ್ಪ ಪತ್ತೇದಾರ ಫೆಲೂದಾನ ಹತ್ತಿರ ಹೋಗುತ್ತಾನೆ.

ಪುಸ್ತಕದಲ್ಲಿ ಹುಡುಗನ ಜೊತೆ ಇರುವ ‘ಡಾಕ್ಟರ್ ಹಾಜ್ರಾ’ ನಿಜವಾದ ಹಾಜ್ರಾ ಅಲ್ಲ ಅನ್ನುವುದು ಕೊನೆಯವರೆಗೂ ಗೊತ್ತಾಗುವುದಿಲ್ಲ. ಗೊತ್ತಾದಾಗ ಹಿಂದಿನ ಪುಟಗಳನ್ನೆಲ್ಲ ಮತ್ತೆ ತಿರುವಿ ನೋಡಿದ್ದೆ. ಸಿನಿಮಾದಲ್ಲಿ? ಫೆಲೂದಾ ಜೋಧಪುರ ತಲುಪುವ ಮೊದಲೇ, ಜೈಪುರದ ನಾಹರಗಢ ಕೋಟೆಯ ಮೇಲಿಂದ ನಿಜವಾದ ಡಾಕ್ಟರನ್ನು ತಳ್ಳುವುದನ್ನು ನಮ್ಮ ಕಣ್ಣಮುಂದೆಯೇ ತೋರಿಸುತ್ತಾರೆ. ಪತ್ತೇದಾರಿ ಸಿನಿಮಾದಲ್ಲಿ ಪತ್ತೆ ಮಾಡುವುದಕ್ಕೆ ಇನ್ನೇನು ಉಳಿಯಿತು ಹೇಳಿ? ಬೇರೆ ನಿರ್ದೇಶಕ ಹೀಗೆ ಮಾಡಿದ್ದರೆ ಬರೆದವನಿಗೆ ದ್ರೋಹ ಅನ್ನುತ್ತಿದ್ದೆವು. ಇಲ್ಲಿ ಬರೆದವರೇ ಮಾಡಿದ್ದಾರೆ.

ಬಾಡಿಗೆಲೈಬ್ರರಿ
ರೀಲು ಸರ್, ರೇ ಇದನ್ನು ಬೇಕಂತಲೇ ಮಾಡಿದ್ದು. ಹಿನ್ನೆಲೆ ಇದೆ.

1967ರಲ್ಲಿ ಅವರು ‘ಚಿಡಿಯಾಖಾನಾ’ ಮಾಡಿದ್ದರು. ಬ್ಯೋಮಕೇಶ್ ಬಕ್ಷಿ ಕಥೆ, ಉತ್ತಮ್ ಕುಮಾರ್ ನಾಯಕ. ಅದರಲ್ಲಿ ಕೊನೆಗೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಪತ್ತೇದಾರ ವಿವರಿಸುವುದು ಬರುತ್ತದೆ. ಯಾರು, ಯಾಕೆ, ಯಾವಾಗ, ಹೇಗೆ ಅಂತ ಮಾತು ಮಾತು ಮಾತು. ಆ ಸಿನಿಮಾ ಸ್ವತಃ ರೇ ಅವರಿಗೇ ಅಷ್ಟು ಹಿಡಿಸಿರಲಿಲ್ಲ. ಕೊಲೆಗಾರ ಯಾರು ಅನ್ನುವ ಥರದ ಕಥೆಗೆ ಕೊನೆಯಲ್ಲಿ ಉದ್ದದ ವಿವರಣೆ ಬೇಕೇ ಬೇಕು, ತೆರೆಯ ಮೇಲೆ ಅದು ಎಳೆಯುತ್ತದೆ ಅನ್ನುವುದು ಅವರ ಅಭಿಪ್ರಾಯವಾಗಿತ್ತು.

ಪುಸ್ತಕದಲ್ಲಿ ಆ ವಿವರಣೆ ಓದಲು ಮಜಾ. ನಮ್ಮ ವೇಗಕ್ಕೆ ಓದುತ್ತೇವೆ, ಬೇಕಾದರೆ ಹಿಂದೆ ಹೋಗುತ್ತೇವೆ. ಟಾಕೀಸಿನಲ್ಲಿ ಕೂತವನಿಗೆ ಆ ಸೌಲಭ್ಯ ಇಲ್ಲ. ಅದೂ ಮುಂದಿನ ಸಾಲಿನಲ್ಲಿ ಮಕ್ಕಳು ಕೂತಿರುವಾಗ! ಇದು ಮಕ್ಕಳಿಗೆ ಅಂತಲೇ ಮಾಡಿದ ಸಿನಿಮಾ, ದುಡ್ಡು ಹಾಕಿದ್ದು ಪಶ್ಚಿಮ ಬಂಗಾಳ ಸರ್ಕಾರ. ಕೊನೆಯ ಇಪ್ಪತ್ತು ನಿಮಿಷ ಫೆಲೂದಾ ಭಾಷಣ ಮಾಡಿದ್ದರೆ ಮಕ್ಕಳು ಎದ್ದು ಹೋಗುತ್ತಿದ್ದರು.

ಮಲೆನಾಡಮಳೆ
ನಾನು ಪುಸ್ತಕ ಓದಿಲ್ಲ. ಮಗಳ ಜೊತೆ ಕೂತು ಸಿನಿಮಾ ಮಾತ್ರ ನೋಡಿದ್ದು. ಅವಳಿಗೆ ಎಂಟು ವರ್ಷ. ಸಬ್‌ಟೈಟಲ್ ಓದಿ ಹೇಳುವ ಕೆಲಸ ನನ್ನದು.

ನಾಹರಗಢದ ದೃಶ್ಯ ಆದ ಮೇಲೆ ಅವಳು ಸೋಫಾ ಬಿಟ್ಟು ನನ್ನ ಪಕ್ಕಕ್ಕೆ ಬಂದು ಅಂಟಿಕೊಂಡಳು. ಯಾಕೆ ಅಂದರೆ ಮುಕುಲನ ಕೈ ಹಿಡಿದುಕೊಂಡು ಓಡಾಡುತ್ತಿರುವವನು ಕೆಟ್ಟವನು ಅಂತ ಅವಳಿಗೆ ಗೊತ್ತು, ಮುಕುಲನಿಗೆ ಗೊತ್ತಿಲ್ಲ. ಡಾಕ್ಟರ್ ವೇಷದ ಆ ಬರ್ಮನ್ ಹುಡುಗನ ಹತ್ತಿರ ಎಷ್ಟು ಮೆತ್ತಗೆ ಮಾತಾಡುತ್ತಾನೆ ನೋಡಿದಿರಾ? ಬೈಯುವುದಿಲ್ಲ, ಹೊಡೆಯುವುದಿಲ್ಲ. ಸರ್ಕಿಟ್ ಹೌಸಿನಲ್ಲಿ ಎಲ್ಲರ ಎದುರು ದೊಡ್ಡ ಮನುಷ್ಯನ ಹಾಗೆ ಕೂರುತ್ತಾನೆ. ಫೆಲೂದಾ ಕೂಡ ಗೌರವದಿಂದ ಮಾತಾಡಿಸುತ್ತಾನೆ. ಮಗಳು ಟಿವಿಗೆ ಕೇಳಿಸುವ ಹಾಗೆ ‘ಅವನೇ, ಅವನೇ’ ಅಂತ ಕೂಗುತ್ತಿದ್ದಳು.

ಗುಟ್ಟು ಮುಚ್ಚಿಟ್ಟಿದ್ದರೆ ಅರ್ಧ ಸಿನಿಮಾ ಅವಳಿಗೆ ಸುಮ್ನೆ ಡಾಕ್ಟರ್ ಜೊತೆ ರಾಜಸ್ಥಾನ ಪ್ರವಾಸ ಆಗಿರುತ್ತಿತ್ತು. ಅಲ್ವಾ?

ಹಳೇರೀಲು
ಮೇಡಂ, ಮಗುವಿನ ಭಯ ಒಪ್ಪುತ್ತೇನೆ. ಬಾಂಬು ಎಲ್ಲಿದೆ ಅಂತ ಪ್ರೇಕ್ಷಕನಿಗೆ ಮೊದಲೇ ತೋರಿಸಬೇಕು ಅನ್ನುವ ನಿರ್ದೇಶಕ ಹಿಚ್‌ಕಾಕ್ ಮಾತನ್ನು ಯಾರಾದರೂ ತರುತ್ತೀರಿ ಅಂತಲೂ ಗೊತ್ತು. ನಾನೇ ತಂದುಬಿಟ್ಟೆ, ಮುಗಿಯಿತು.

ನನ್ನ ತಕರಾರು ಫೆಲೂದಾನ ಬಗ್ಗೆ. ಪುಸ್ತಕದಲ್ಲಿ ನಾವು ಫೆಲೂದಾನ ಚಿಕ್ಕಪ್ಪನ ಮಗ ತೋಪ್ಶೆ ಪಕ್ಕದಲ್ಲಿ ನಿಂತು ಫೆಲೂದಾನನ್ನು ತಲೆಯೆತ್ತಿ ನೋಡುತ್ತೇವೆ. ಕಥೆ ಹೇಳುವವನು ಆ ಹುಡುಗನೇ. ಅವನಿಗೆ ಕಾಣದ್ದು ನಮಗೂ ಕಾಣುವುದಿಲ್ಲ. ಅಣ್ಣ ಸಿಗರೇಟು ಹಚ್ಚಿ ಸುಮ್ಮನೆ ಕೂತರೆ, ತಲೆಯಲ್ಲಿ ಏನೋ ಓಡುತ್ತಿದೆ ಅಂತ ನಾವೂ ಉಸಿರು ಬಿಗಿ ಹಿಡಿಯುತ್ತೇವೆ. ಸಿನಿಮಾದಲ್ಲಿ ಅದೇ ಮನುಷ್ಯ ನಮಗಿಂತ ಒಂದು ಗಂಟೆ ಹಿಂದಿದ್ದಾನೆ. ಅವನು ತಲೆ ಕೆಡಿಸಿಕೊಳ್ಳುವ ಪ್ರಶ್ನೆಗೆ ಉತ್ತರ ನಮ್ಮ ಜೇಬಿನಲ್ಲಿದೆ. ಸೌಮಿತ್ರ ಚಟರ್ಜಿ ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಬಚಾವ್. ಇಲ್ಲದಿದ್ದರೆ ಫೆಲೂದಾ ಪೆದ್ದನ ಹಾಗೆ ಕಾಣುತ್ತಿದ್ದ.

ಕೋಲ್ಕತಾಕನ್ನಡತಿ
ಮದುವೆಯಾಗಿ ಈ ಊರಿಗೆ ಬಂದ ಮೇಲೆ ನನಗೆ ಮೊದಲು ತೋರಿಸಿದ ಬಂಗಾಳಿ ಸಿನಿಮಾ ಇದೇ. ಮಾವನವರೇ ಕೂರಿಸಿ ತೋರಿಸಿದ್ದು. ಇಲ್ಲಿಯ ಜನ ಇದನ್ನು ಪತ್ತೇದಾರಿ ಸಿನಿಮಾ ಅಂತ ನೋಡುವುದೇ ಇಲ್ಲ. ಎಲ್ಲರಿಗೂ ಮಾತು ಬಾಯಿಪಾಠ. ನಮ್ಮಲ್ಲಿ ಹಳೇ ರಾಜ್‌ಕುಮಾರ್ ಸಿನಿಮಾದ ಡೈಲಾಗನ್ನು ಪರದೆಗಿಂತ ಮುಂಚೆ ಹೇಳುವವರು ಇರುತ್ತಾರಲ್ಲ, ಹಾಗೆ.

ರೀಲು ಅವರೇ, ನಿಮ್ಮ ‘ಪೆದ್ದ’ ಮಾತು ನಮ್ಮ ಮನೆಯಲ್ಲಿ ಹೇಳಿದರೆ ಊಟ ಸಿಗುವುದಿಲ್ಲ! ಆದರೂ ಅರ್ಧ ನಿಜ ಇದೆ. ಫೆಲೂದಾ ಇಲ್ಲಿ ಸ್ವಲ್ಪ ಬದಿಗೆ ಸರಿಯುತ್ತಾನೆ. ಆ ಜಾಗಕ್ಕೆ ಬಂದು ಕೂರುವವರು ಜಟಾಯು. ಲಾಲ್‌ಮೋಹನ್ ಗಂಗೂಲಿ, ಜಟಾಯು ಅನ್ನುವ ಹೆಸರಿನಲ್ಲಿ ಸಾಹಸದ ಕಾದಂಬರಿ ಬರೆಯುವವರು. ಕಾನ್ಪುರದಲ್ಲಿ ರೈಲು ಹತ್ತುತ್ತಾರೆ. ಕೂಲಿಯ ಜೊತೆ ಹರಕು ಹಿಂದಿಯಲ್ಲಿ ಜಗಳ ಆಡುತ್ತಲೇ ಒಳಗೆ ಬಂದು, ಎದುರಿಗೆ ಕೂತವರೂ ಬಂಗಾಳಿಗಳು ಅಂತ ಗೊತ್ತಾದಾಗ ಆ ಮುಖ ಅರಳುವುದು ನೋಡಬೇಕು. ಆ ನಟ ಸಂತೋಷ್ ದತ್ತ, ವೃತ್ತಿಯಲ್ಲಿ ವಕೀಲರು. ಸಿನಿಮಾ ಬಂದ ಮೇಲೆ ರೇ ಪುಸ್ತಕಗಳಿಗೆ ಬರೆಯುವ ಚಿತ್ರದಲ್ಲೂ ಜಟಾಯುವಿನ ಮುಖ ಬದಲಾಯಿತು. ದತ್ತರ ಬೋಳುತಲೆ, ದತ್ತರ ಮೀಸೆ ಬಂತು. ಸಿನಿಮಾ ತಿರುಗಿ ಪುಸ್ತಕವನ್ನೇ ತಿದ್ದಿತು. 1988ರಲ್ಲಿ ದತ್ತ ತೀರಿಕೊಂಡರು. ಅವರಿಲ್ಲದೆ ಫೆಲೂದಾ ಸಿನಿಮಾ ಮಾಡುವುದಿಲ್ಲ ಅಂತ ರೇ ಹೇಳಿದರು, ಮಾಡಲೂ ಇಲ್ಲ.

ನನಗೆ ಈ ಸಿನಿಮಾದಲ್ಲಿ ಬೇರೆ ಒಂದು ಬೇಜಾರಿದೆ. ಹೆಂಗಸರು ಎಲ್ಲಿದ್ದಾರೆ? ಮುಕುಲನ ಅಮ್ಮ ಶುರುವಿನಲ್ಲಿ ಸ್ವಲ್ಪ ಹೊತ್ತು. ಆಮೇಲೆ ಎರಡು ಗಂಟೆ ಬರೀ ಗಂಡಸರು, ಒಂಟೆಗಳು, ರೈಲು. ಮಾವನವರನ್ನು ಕೇಳಿದೆ. ‘ಮಕ್ಕಳಿಗೆ ಅಂತ ಬರೆದದ್ದಮ್ಮಾ, ಪ್ರೇಮ ಗೀಮ ಬೇಡ ಅಂತ’ ಅಂದರು. ಹೆಂಗಸು ಬಂದ ತಕ್ಷಣ ಪ್ರೇಮ ಬರಲೇಬೇಕಾ? ಅದಕ್ಕೆ ಅವರು ಚಹಾ ಕೇಳಿದರು.

ಪಕ್ಕದಸೀಟು
ಹಹ್ಹ, ಚಹಾ ಕೇಳಿದ್ದು ಚೆನ್ನಾಗಿದೆ. ಎಲ್ಲಾ ಮಾವಂದಿರೂ ಒಂದೇ.

ಬಾಡಿಗೆಲೈಬ್ರರಿ
ಜಟಾಯು ನನಗೆ ತುಂಬಾ ಹತ್ತಿರದವರು. ನಾನು ಬೆಳೆದದ್ದೇ ಬಾಡಿಗೆ ಲೈಬ್ರರಿಯ ಪತ್ತೇದಾರಿ ಪುಸ್ತಕಗಳ ಮಧ್ಯೆ. ಎನ್. ನರಸಿಂಹಯ್ಯನವರ ಪುಸ್ತಕ ಬಂದಿದೆಯಾ ಅಂತ ದಿನಾ ಸಂಜೆ ಕೇಳಿ ಬೈಸಿಕೊಳ್ಳುತ್ತಿದ್ದೆ. ಇಂಥ ಪುಸ್ತಕಗಳಲ್ಲಿ ನಾಯಕ ಯಾವ ದೇಶಕ್ಕೆ ಬೇಕಾದರೂ ಹೋಗುತ್ತಾನೆ, ಯಾವ ಮೃಗವನ್ನು ಬೇಕಾದರೂ ಹೊಡೆಯುತ್ತಾನೆ. ಬರೆದವರು ಅದನ್ನು ನೋಡಿರಬೇಕು ಅಂತೇನೂ ಇಲ್ಲ. ಜಟಾಯು ಆ ಥರದವರು. ಒಂಟೆ ನೀರನ್ನು ಎಲ್ಲಿ ಇಟ್ಟುಕೊಳ್ಳುತ್ತದೆ ಅನ್ನುವುದನ್ನೇ ತಪ್ಪಾಗಿ ಬರೆದಿರುತ್ತಾರೆ. ಫೆಲೂದಾ ತಿದ್ದುತ್ತಾನೆ. ಅವರಿಗೆ ಕೋಪವೂ ಇಲ್ಲ, ನಾಚಿಕೆಯೂ ಇಲ್ಲ. ಮುಂದಿನ ಮುದ್ರಣದಲ್ಲಿ ಸರಿ ಮಾಡಿದರಾಯಿತು.

ರೇ ಇಂಥ ಲೇಖಕರನ್ನು ಆಡಿಕೊಳ್ಳಬಹುದಿತ್ತು. ಆಡಿಕೊಳ್ಳಲಿಲ್ಲ. ಪುಸ್ತಕದಲ್ಲಿ ಮಾತ್ರ ಸಾಹಸ ಮಾಡಿದ ಮನುಷ್ಯ ನಿಜವಾದ ಮರುಭೂಮಿಗೆ ಬಂದಿದ್ದಾನೆ, ಹೆದರಿದ್ದಾನೆ, ಆದರೂ ಹಿಂದೆ ಹೋಗುವುದಿಲ್ಲ. ಕಳ್ಳರು ಯಾರು ಅಂತ ನಮಗೆ ಗೊತ್ತಿರುವುದರಿಂದ ಇಲ್ಲಿ ಇನ್ನೊಂದು ಲಾಭವೂ ಇದೆ. ಮಂದಾರ್ ಬೋಸ್ ತಾನು ಜಗತ್ತು ಸುತ್ತಿದವನು ಅಂತ ಬುರುಡೆ ಬಿಡುತ್ತಿರುತ್ತಾನೆ. ಜಟಾಯು ಕಣ್ಣರಳಿಸಿ ಕೇಳುತ್ತಾರೆ, ಕಥೆಗೆ ಸರಕು ಸಿಕ್ಕಿತು ಅಂತ. ನಮಗೆ ನಗು ಬರುತ್ತದೆ. ಆದರೆ ಇದೇ ಕೈ ಅಲ್ವಾ ಡಾಕ್ಟರನ್ನು ತಳ್ಳಿದ್ದು ಅಂತ ನೆನಪಾಗಿ ನಗು ಅರ್ಧಕ್ಕೇ ನಿಲ್ಲುತ್ತದೆ. ಪುಸ್ತಕದಲ್ಲಿ ಮೊದಲ ಸಲ ಓದುವಾಗ ಇದು ಸಿಗುವುದಿಲ್ಲ ಸರ್.

ಮಂಗಳೂರಿನವರಿಗೆ ಒಂದು ಕೊಸರು. ಫೆಲೂದಾ ಮಾಹಿತಿ ಕೇಳಲು ಹೋಗುವ ಮುದುಕರು ಇದ್ದಾರಲ್ಲ, ಸಿಧು ಜ್ಯಾಠಾ, ಪೇಪರ್ ಕಟಿಂಗುಗಳನ್ನು ಫೈಲು ಮಾಡಿ ಇಟ್ಟುಕೊಂಡವರು. ಆ ಪಾತ್ರ ಮಾಡಿದ್ದು ಹರೀಂದ್ರನಾಥ ಚಟ್ಟೋಪಾಧ್ಯಾಯ. ಸರೋಜಿನಿ ನಾಯ್ಡು ಅವರ ತಮ್ಮ, ಕವಿ. ಹಿಂದಿಯ ‘ಬಾವರ್ಚಿ’ಯಲ್ಲಿ ಮನೆಯ ಹಿರಿಯನಾಗಿ ಗೊಣಗುತ್ತಾ ಕೂರುವವರು ಇವರೇ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಮದುವೆಯಾಗಿದ್ದವರು. ಮುಂದೆ ಇಬ್ಬರೂ ಬೇರೆಯಾದರು. ಕಮಲಾದೇವಿ 1931ರ ‘ವಸಂತಸೇನಾ’ ಮೂಕಿ ಚಿತ್ರದಲ್ಲಿ ನಟಿಸಿದ್ದವರು. ಕರಕುಶಲ ಕಲೆಗಳಿಗೆ ಅವರು ಮಾಡಿದ ಕೆಲಸವನ್ನು ನಾನು ಹೇಳಬೇಕಾಗಿಲ್ಲ.

ಒಂಟೆಸವಾರ
ನಾನು ಜೈಸಲ್ಮೇರಿಗೆ, ಅಂದರೆ ಆ ಬಂಗಾರದ ಕೋಟೆಯ ಊರಿಗೆ, ಹೋದಾಗ ಈ ಸಿನಿಮಾ ನೋಡಿರಲಿಲ್ಲ. ಕೋಟೆಯ ಒಳಗೆ ಅಂಗಡಿಯವರು ಮಾತಾಡಿಸುತ್ತಿದ್ದದ್ದು ಬಂಗಾಳಿಯಲ್ಲಿ! ನಾನು ಬೆಂಗಳೂರು ಅಂದೆ. ಒಬ್ಬ ಬೇಜಾರು ಮಾಡಿಕೊಳ್ಳದೆ ‘ಮುಕುಲ್ ಕಾ ಘರ್ ದೇಖೋಗೆ?’ ಅಂದ. ಯಾರ ಮನೆ ಅಂತ ತಿಳಿಯದೆ ಹೋಗಿ ನೋಡಿ ಬಂದೆ. ಪಾಳು ಬಿದ್ದ ಕಲ್ಲಿನ ಗೋಡೆಗಳು. ಬಂಗಾಳದ ಕುಟುಂಬಗಳು ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದವು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಊರಿಗೆ ಬಂದು ಸಿನಿಮಾ ಹುಡುಕಿ ನೋಡಿದೆ.

ಆ ಕೋಟೆ 1156ರದ್ದು. ಹಳದಿ ಮರಳುಗಲ್ಲು. ಈಗಲೂ ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ, ಬಟ್ಟೆ ಒಣಗುತ್ತಿರುತ್ತದೆ, ಸ್ಕೂಟರು ಹೋಗುತ್ತಿರುತ್ತದೆ. ಮಧ್ಯಾಹ್ನ ನೋಡಿದರೆ ಸಾಧಾರಣ ಮಣ್ಣಿನ ಬಣ್ಣ. ಸಂಜೆ ಐದೂವರೆ ಆರಕ್ಕೆ ಹೊರಗಿನಿಂದ ನೋಡಬೇಕು. ರೇ ಇದಕ್ಕೂ ಮೊದಲಿನ ತಮ್ಮ ‘ಗೂಪಿ ಗಾಯಿನ್ ಬಾಘಾ ಬಾಯಿನ್’ ಸಿನಿಮಾದ ಶೂಟಿಂಗಿಗೆ ಅಲ್ಲಿಗೆ ಹೋಗಿದ್ದವರು. ಈ ಕೋಟೆಯನ್ನು ಆಗಲೇ ಕಣ್ಣಿಗೆ ತುಂಬಿಕೊಂಡಿರಬೇಕು ಅನ್ನುವುದು ನನ್ನ ಊಹೆ.

ಚರ್ಚೆಗೆ ಬರುತ್ತೇನೆ. ನನಗೆ ಈ ಸಿನಿಮಾ ಅಂದರೆ ಒಂಟೆಯ ಭಾಗ. ಕಾರಿನ ಟೈರು ಹೋಗಿದೆ. ಸುತ್ತ ಏನೂ ಇಲ್ಲ. ಫೆಲೂದಾ ಒಂಟೆಗಳನ್ನು ಕರೆಸುತ್ತಾನೆ. ಒಂಟೆ ಏಳುವಾಗ ಮೊದಲು ಹಿಂದಿನ ಕಾಲು ಎತ್ತುತ್ತದೆ, ಕೂತವನು ಮುಂದಕ್ಕೆ ಮುಗ್ಗರಿಸುತ್ತಾನೆ. ಮುಂದಿನ ಕಾಲು ಎತ್ತಿದಾಗ ಹಿಂದಕ್ಕೆ ಜೋಲಿ. ನಾನು ಅನುಭವಿಸಿದ್ದೇನೆ, ಹೊಟ್ಟೆ ಬಾಯಿಗೆ ಬರುತ್ತದೆ. ಜಟಾಯುವಿನ ಮುಖದಲ್ಲಿ ಆ ಎರಡೂ ಜೋಲಿ ಕಾಣುತ್ತದೆ. ಆಮೇಲೆ ದೂರದಲ್ಲಿ ಉಗಿಬಂಡಿಯ ಹೊಗೆ. ಒಂಟೆಗಳು ಓಡುತ್ತವೆ. ಇವರು ಕೈ ಬೀಸುತ್ತಾರೆ. ರೈಲು ನಿಲ್ಲುವುದೇ ಇಲ್ಲ! ಇಂಗ್ಲಿಷ್ ಸಿನಿಮಾ ಆಗಿದ್ದರೆ ನಾಯಕ ಒಂಟೆಯಿಂದ ರೈಲಿಗೆ ಹಾರುತ್ತಿದ್ದ. ಇಲ್ಲಿ ಮೂವರೂ ಮೈಕೈ ನೋವು ಮಾಡಿಕೊಂಡು ರಾಮದೇವರಾ ಅನ್ನುವ ಸಣ್ಣ ಸ್ಟೇಷನ್ನಿಗೆ ಹೋಗಿ ರಾತ್ರಿಯ ರೈಲಿಗೆ ಕಾಯುತ್ತಾರೆ. ಊರಿನವರು ಹಾಡುತ್ತಾರೆ, ಇವರು ಕೇಳುತ್ತಾರೆ. ಕಥೆ ಅಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ನನಗೆ ಆ ಜಾಗವೇ ಇಷ್ಟ.

ಸಂಶಯಪಿಶಾಚಿ
ಎಲ್ಲರೂ ಹೊಗಳುತ್ತಿದ್ದೀರಿ. ಒಂದು ಪ್ರಶ್ನೆ. ವೈಚಾರಿಕ ಮನುಷ್ಯ ಅಂತ ಹೆಸರಾದ ರೇ ಮಕ್ಕಳಿಗೆ ಪುನರ್ಜನ್ಮದ ಕಥೆ ಯಾಕೆ ಹೇಳಿದರು? ಹುಡುಗ ನೋಡದ ಕೋಟೆಯ ಚಿತ್ರ ಬರೆಯುತ್ತಾನೆ, ಕೊನೆಗೆ ಅಂಥ ಕೋಟೆ ಸಿಕ್ಕೇಬಿಡುತ್ತದೆ. ಹಾಗಾದರೆ ಇದೆಲ್ಲ ನಿಜ ಅಂತಲೇ ಆಯಿತಲ್ಲ. ಮೇಲೆ ಹಿಪ್ನಾಟಿಸಂ ಬೇರೆ, ಕಣ್ಣಲ್ಲಿ ಕಣ್ಣಿಟ್ಟು ಬೆರಳು ಆಡಿಸಿದರೆ ಮಗು ಎಲ್ಲ ಒದರುತ್ತದೆ. ಪತ್ತೇದಾರಿ ಕಥೆಯ ಬುಡವೇ ಸಾಕ್ಷಿ, ತರ್ಕ. ಇಲ್ಲಿ ಬುಡವೇ ಪವಾಡ.

ಮಲೆನಾಡಮಳೆ
ಮಗಳು ಕೇಳಿದ್ದೂ ಅದೇ. ‘ಅಮ್ಮಾ, ನಿಜವಾಗಲೂ ಹಿಂದಿನ ಜನ್ಮ ಇರುತ್ತಾ?’ ಗೊತ್ತಿಲ್ಲ ಪುಟ್ಟಾ ಅಂದೆ. ಫೆಲೂದಾನೂ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತಾನೆ. ನಂಬುತ್ತೇನೆ ಅನ್ನುವುದಿಲ್ಲ, ಸುಳ್ಳು ಅಂತ ತಳ್ಳುವುದೂ ಇಲ್ಲ. ಅವನ ಕೆಲಸ ಹುಡುಗನನ್ನು ಕಾಪಾಡುವುದು. ಹಿಂದಿನ ಜನ್ಮ ನಿಜವಾಗಲಿ ಸುಳ್ಳಾಗಲಿ, ಅದನ್ನು ನಂಬಿದ ಕಳ್ಳರಂತೂ ನಿಜ.

ಕೋಲ್ಕತಾಕನ್ನಡತಿ
ಮಳೆ ಅವರ ಮಾತಿಗೆ ಸೇರಿಸುತ್ತೇನೆ. ಪಿಶಾಚಿಯವರೇ, ಕೊನೆ ನೋಡಿ. ಕೋಟೆ ಸಿಗುತ್ತದೆ, ನಿಧಿ ಸಿಗುವುದಿಲ್ಲ. ಮುಕುಲ್ ಆ ಪಾಳು ಗೋಡೆಗಳ ಮಧ್ಯೆ ಅಳುತ್ತಾನೆ. ಬರ್ಮನ್ ನವಿಲಿಗೆ ಗುಂಡು ಹೊಡೆಯಲು ಹೋದಾಗ ಹುಡುಗನಿಗೆ ಈ ಮನುಷ್ಯ ಕೆಟ್ಟವನು ಅನ್ನುವುದು ಹೊಳೆಯುತ್ತದೆ. ಫೆಲೂದಾನ ಯಾವ ತರ್ಕವೂ ಅವನಿಗೆ ಬೇಕಾಗಲಿಲ್ಲ. ನವಿಲನ್ನು ಕೊಲ್ಲುವವನು ಒಳ್ಳೆಯವನಲ್ಲ, ಅಷ್ಟೇ. ಆಮೇಲೆ ಅವನು ಕೇಳುವುದು ಕೋಲ್ಕತಾದ ಮನೆಗೆ ಹೋಗೋಣ ಅಂತ. ಹಿಂದಿನ ಜನ್ಮ ಅವನಿಗೆ ಅಲ್ಲಿಗೆ ಸಾಕಾಗಿದೆ. ಪುನರ್ಜನ್ಮದ ಪ್ರಚಾರ ಮಾಡುವ ಸಿನಿಮಾ ಆಗಿದ್ದರೆ ಹುಡುಗ ಕೋಟೆಯಲ್ಲೇ ಯಾರೋ ಹಳೇ ಅಜ್ಜಿಯನ್ನು ತಬ್ಬಿಕೊಂಡು ಅಳುತ್ತಿದ್ದ, ನಾವೂ ಅಳುತ್ತಿದ್ದೆವು.

ಆ ಹುಡುಗ ಕುಶಲ್ ಚಕ್ರವರ್ತಿ. ಅವನಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು, ರೇ ಅವರಿಗೆ ನಿರ್ದೇಶನಕ್ಕೆ ಬಂತು. ಇಡೀ ಸಿನಿಮಾದಲ್ಲಿ ಅವನು ಹೆಚ್ಚು ನಗುವುದೇ ಇಲ್ಲ, ಗಮನಿಸಿದಿರಾ? ಮುದ್ದು ಮಾಡಿಸಿಕೊಳ್ಳುವ ಮಗುವಲ್ಲ. ಯಾರನ್ನೂ ಮೆಚ್ಚಿಸಬೇಕು ಅಂತಿಲ್ಲ. ಎಲ್ಲೋ ನೋಡುತ್ತಾ ಮಾತಾಡುತ್ತಾನೆ.

ಸಂಶಯಪಿಶಾಚಿ
ನವಿಲಿನ ವಿಷಯ ಒಪ್ಪಿದೆ. ಹಿಪ್ನಾಟಿಸಂ ಒಪ್ಪುವುದಿಲ್ಲ. ಆ ಬೆರಳಾಟ ಜಾತ್ರೆಯ ಮ್ಯಾಜಿಕ್ ಥರವೇ ಇದೆ.

ದೂರದರ್ಶನದಕಾಲ
ನನ್ನ ವಯಸ್ಸಿನವರಿಗೆ ಫೆಲೂದಾ ಮೊದಲು ಸಿಕ್ಕಿದ್ದು ಹಿಂದಿಯಲ್ಲಿ, 80ರ ದಶಕದ ದೂರದರ್ಶನದಲ್ಲಿ. ‘ಕಿಸ್ಸಾ ಕಾಠ್ಮಂಡು ಕಾ’. ನಿರ್ದೇಶನ ರೇ ಅವರ ಮಗ ಸಂದೀಪ್ ರೇ. ಫೆಲೂದಾ ಆಗಿದ್ದು ಶಶಿ ಕಪೂರ್! ಆಗ ಅವರ ಮೈ ತುಂಬಿತ್ತು. ಫೆಲೂದಾ ಅಂದರೆ ಆರಡಿ ಎತ್ತರ, ದಿನಾ ಯೋಗ ಮಾಡುವ ತೆಳ್ಳಗಿನ ಮನುಷ್ಯ ಅಂತ ನಮಗೆಲ್ಲಿ ಗೊತ್ತು? ನಾವು ಖುಷಿಯಾಗಿಯೇ ನೋಡಿದೆವು. ಜಟಾಯು ಮೋಹನ್ ಅಗಾಶೆ. ಪಕ್ಕದ ಮನೆಯ ಬಂಗಾಳಿ ಬ್ಯಾಂಕ್ ಆಫೀಸರು ಮಾತ್ರ ಒಂದು ಕಂತು ನೋಡಿ ಎದ್ದು ಹೋದರು.

ಆಮೇಲೆ ಸೌಮಿತ್ರರನ್ನು ನೋಡಿದಾಗ ಆಫೀಸರ ಕೋಪ ಅರ್ಥವಾಯಿತು. ರೀಲು ಅವರು ಫೆಲೂದಾ ಹಿಂದೆ ಬೀಳುತ್ತಾನೆ ಅಂದರು. ನನಗೆ ಅವನು ನಮ್ಮನ್ನು ಹಿಡಿಯುವ ರೀತಿಯೇ ಮಜಾ ಕೊಟ್ಟಿತು. ನಮಗೆ ಉತ್ತರ ಗೊತ್ತು, ಅವನು ಯಾವ ದಾರಿಯಲ್ಲಿ ಅಲ್ಲಿಗೆ ಬರುತ್ತಾನೆ ಅಂತ ನೋಡುವುದು. ಜೋಧಪುರದಲ್ಲಿ ಆ ನಕಲಿ ಡಾಕ್ಟರನ್ನು ನೋಡುವಾಗ ಸೌಮಿತ್ರರ ಕಣ್ಣು ಒಂದು ಕ್ಷಣ ಜಾಸ್ತಿ ನಿಲ್ಲುತ್ತದೆ. ಅನುಮಾನ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಚಾರ್ಮಿನಾರ್ ಹಚ್ಚುತ್ತಾನೆ ಅಷ್ಟೇ. (ನಮ್ಮ ಪಕ್ಕದ ಹೈದರಾಬಾದಿನ ಸಿಗರೇಟು ಬಂಗಾಳದ ಪತ್ತೇದಾರನ ಕೈಯಲ್ಲಿ!)

ಹಳೇರೀಲು
ಎಲ್ಲರದ್ದೂ ಓದಿದೆ. ನಿನ್ನೆ ನಾಹರಗಢದಿಂದ ಸರ್ಕಿಟ್ ಹೌಸಿನವರೆಗೆ ಮತ್ತೆ ಹಾಕಿ ನೋಡಿದೆ. ಬಾಡಿಗೆಲೈಬ್ರರಿ ಅವರು ಹೇಳಿದ ಮಂದಾರ್ ಬೋಸ್ ನಗು ಸರಿಯಾಗಿಯೇ ಇದೆ. ಬಾಯಿ ನಗುತ್ತದೆ, ಕಣ್ಣು ಲೆಕ್ಕ ಹಾಕುತ್ತಿರುತ್ತದೆ. ನಮಗೆ ಗೊತ್ತಿಲ್ಲದಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಆದರೂ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಡಾಕ್ಟರನ್ನು ತಳ್ಳುವುದನ್ನು ತೋರಿಸಲಿ, ತಳ್ಳಿದವನ ಮುಖ ಇನ್ನೊಂದು ಅರ್ಧ ಗಂಟೆ ಬಚ್ಚಿಡಬಹುದಿತ್ತು. ಮಗುವಿನ ಭಯವೂ ಇರುತ್ತಿತ್ತು, ನಮಗೂ ಸ್ವಲ್ಪ ಕೆಲಸ ಇರುತ್ತಿತ್ತು. ಪುಸ್ತಕ ಮೊದಲು ಓದಿ, ಸಿನಿಮಾ ಆಮೇಲೆ ನೋಡಿ ಅಂತಲೇ ನಾನು ಎಲ್ಲರಿಗೂ ಹೇಳುವುದು. ತಿರುಗಾ ಮುರುಗಾ ಮಾಡಿದರೆ ಪುಸ್ತಕ ಸತ್ತಿತು. ಸಿನಿಮಾಕ್ಕೆ ಮಾತ್ರ ಏನೂ ಆಗುವುದಿಲ್ಲ, ಅದು ನಿಜ.

ಮುಂದೆ ‘ಜೊಯ್ ಬಾಬಾ ಫೆಲುನಾಥ್’ ನೋಡಬೇಕು ಅಂತಿದ್ದೇನೆ. ಅದರಲ್ಲೂ ಹೀಗೇನಾ?

ಕೋಲ್ಕತಾಕನ್ನಡತಿ
1979ರದ್ದು, ಕಾಶಿಯಲ್ಲಿ ನಡೆಯುತ್ತದೆ. ಅಲ್ಲೂ ಖಳ ಯಾರು ಅಂತ ಮುಚ್ಚಿಡುವುದಿಲ್ಲ. ಉತ್ಪಲ್ ದತ್ ಮಾಡಿದ ಮಗನ್‌ಲಾಲ್ ಮೇಘರಾಜ್, ಗಾದಿಯ ಮೇಲೆ ಕೂತು ಶರಬತ್ತು ಕೊಟ್ಟೇ ಹೆದರಿಸುತ್ತಾನೆ. ನೀವು ಮತ್ತೆ ಬೈಯುತ್ತೀರಿ, ಬೈಯಿರಿ.

ಒಂದು ದೃಶ್ಯ ಮಾತ್ರ ಕಣ್ಣು ಬಿಟ್ಟು ನೋಡಿ. ಜಟಾಯುವನ್ನು ಹಲಗೆಯ ಮುಂದೆ ನಿಲ್ಲಿಸಿ, ಕೆಮ್ಮುತ್ತಾ ನಡುಗುತ್ತಾ ಬರುವ ಮುದುಕ ಒಬ್ಬನಿಂದ ಅವರ ಸುತ್ತ ಚೂರಿ ಎಸೆಸುತ್ತಾನೆ. ಆ ಮುದುಕ ಯಾರು ಗೊತ್ತಾ? ನಿಮ್ಮ ಮಂದಾರ್ ಬೋಸ್. ಅದೇ ಕಾಮು ಮುಖರ್ಜಿ.

ಪಕ್ಕದಸೀಟು
ಪಾಪ ಜಟಾಯು. ಅಲ್ಲೂ ಅವನ ಕೈಗೇ ಸಿಕ್ಕಿಬಿದ್ದರಾ!